ತಾಯಿಯನ್ನು ವೈನಿ ಎಂದ ಮಗಳು

ನನ್ನ ಅಣ್ಣನ ಮಗಳು ಮೂರು ವರ್ಷ ತುಂಬುವವರೆಗೆ ತನ್ನ ಹೆತ್ತ ತಾಯಿಯನ್ನು ‘ವೈನಿ’ ಎಂದು ಕರೆಯುತ್ತಿದ್ದಳು. ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತಾರೆ. ಅದು ನಾನು ಕರೆಯುವ ಮಾತು. ಅಜ್ಜಿಯನ್ನು ಆ ಹುಡುಗಿ ‘ಅವ್ವ’ ಅನ್ನುತ್ತಿದ್ದಳು. ಅದೂ ನನ್ನ ಮಾತೇ. ಕೇಳಿದವರು ನಗುತ್ತಿದ್ದರು. ವೈನಿಯೂ ಅವರ ಜೊತೆ ನಕ್ಕು, ಏನೋ ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋಗುತ್ತಿದ್ದಳು.

ಈಗ ನಾನು ಆಕ್ಯುಪೇಷನಲ್ ಥೆರಪಿ ಓದುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಹುಟ್ಟಿನಿಂದಲೋ ದಿನನಿತ್ಯದ ಕೆಲಸ ಕೈಗೆ ಸಿಗದೆ ಹೋದವರಿಗೆ, ಉಣ್ಣುವುದು, ಉಡುವುದು, ಆಡುವುದು, ದುಡಿಯುವುದು ಮತ್ತೆ ಸಾಧ್ಯವಾಗುವಂತೆ ಮಾಡುವುದು ನಮ್ಮ ವೃತ್ತಿ. ಅದಕ್ಕೇ ಮೊದಲ ವರ್ಷದಲ್ಲಿ ಮನುಷ್ಯ ಹುಟ್ಟಿನಿಂದ ಮುಪ್ಪಿನವರೆಗೆ ಹೇಗೆ ಬೆಳೆಯುತ್ತಾನೆ ಎಂಬ ವಿಷಯ ಇರುತ್ತದೆ. ನಾನು ಕರಾವಳಿಯ ಕಾಲೇಜೊಂದರಲ್ಲಿ ಆ ಪಾಠ ಕೇಳುತ್ತಿದ್ದ ಕಾಲಕ್ಕೇ ಭಾಲ್ಕಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಇದೆಲ್ಲ ನಡೆಯಿತು. ಆ ವಿಷಯ ಕಲಿಸುವಾಗ ನನ್ನ ಕಣ್ಣ ಮುಂದೆ ಬರುವುದು ಪುಸ್ತಕದ ಚಿತ್ರಗಳಲ್ಲ, ನಮ್ಮ ಮನೆಯ ಮೂವರು ಹೆಣ್ಣುಮಕ್ಕಳು.

ನಮ್ಮೂರು ಹಲಬರ್ಗಾದಿಂದ ದೂರವಿಲ್ಲ. ಅಪ್ಪ ನಾನು ಸಾಲೆಯಲ್ಲಿದ್ದಾಗಲೇ ತೀರಿಕೊಂಡಿದ್ದ. ಅವ್ವ ಹೆಣ್ಣಾಳುಗಳ ಗುಂಪಿನ ಜೊತೆ ಹೊಲಗಳಲ್ಲಿ ಕಸ ತೆಗೆಯಲು ಹೋಗುತ್ತಿದ್ದಳು. ಅಣ್ಣ ಗೌಂಡಿ, ಗಾರೆ ಕೆಲಸದವನು. ಮದುವೆಯಾಗಿ ವರ್ಷ ಕಳೆಯುವಷ್ಟರಲ್ಲಿ ಅವನಿಗೆ ಮಗಳು ಹುಟ್ಟಿದಳು. ಆ ವರ್ಷ ಮಳೆ ಕೈಕೊಟ್ಟಿತು. ಮುಂದಿನ ವರ್ಷವೂ ಬರಲಿಲ್ಲ.

ಗೌಂಡಿ ಕೆಲಸಕ್ಕೂ ಮಳೆಗೂ ಏನು ಸಂಬಂಧ ಎಂದು ಹಾಸ್ಟೆಲಿನ ಗೆಳತಿಯರು ಕೇಳಿದ್ದರು. ಅವರ ಊರುಗಳಲ್ಲಿ ಮಳೆ ನಿಂತರೆ ಕೆಲಸ ಶುರು. ನಮ್ಮಲ್ಲಿ ಹಾಗಲ್ಲ. ಸಿಮೆಂಟು ಕಲಸಲು ನೀರು ಬೇಕು. ಎದ್ದ ಗೋಡೆ ಗಟ್ಟಿಯಾಗಲು ದಿನಾ ಅದಕ್ಕೆ ನೀರು ಕುಡಿಸಬೇಕು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಜನ ಗೋಡೆಗೆ ಎಲ್ಲಿಂದ ತಂದು ಹಾಕಿಯಾರು? ಭಾಲ್ಕಿಯಲ್ಲೂ ಬೀದರಿನಲ್ಲೂ ಅರ್ಧ ಎದ್ದ ಮನೆಗಳು ಹಾಗೇ ನಿಂತುಬಿಟ್ಟವು. ಅಣ್ಣ ವೈನಿಯನ್ನೂ ಕೂಸನ್ನೂ ಕರೆದುಕೊಂಡು ಹೈದರಾಬಾದಿಗೆ ಹೋದ.

ಅಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಅಣ್ಣ ಗೋಡೆ ಕಟ್ಟುತ್ತಿದ್ದ, ವೈನಿ ಪೈಪು ಹಿಡಿದು ಗೋಡೆಗಳಿಗೆ ನೀರು ಬಿಡುತ್ತಿದ್ದಳು. ಊರಲ್ಲಿ ಒಂದು ತಂಬಿಗೆ ನೀರನ್ನು ಮುಖ ತೊಳೆಯಲು, ಆಮೇಲೆ ನೆಲ ಒರೆಸಲು ಎರಡು ಸಲ ಬಳಸಿ ಬಂದವಳಿಗೆ ಅದು ಮೊದಮೊದಲು ಪಾಪದ ಕೆಲಸ ಅನ್ನಿಸಿತಂತೆ. ಕೂಸು ಕಂಬಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತಿತ್ತು. ಸಿಮೆಂಟಿನ ಧೂಳಿಗೆ ಕೆಮ್ಮು ಹತ್ತಿತು, ಆಮೇಲೆ ಭೇದಿ. ಇಬ್ಬರೂ ಅದನ್ನು ಎತ್ತಿಕೊಂಡು ಊರಿಗೆ ಬಂದಾಗ, ಒಂಬತ್ತು ಹತ್ತು ತಿಂಗಳ ಆ ಕೂಸು ನೆಟ್ಟಗೆ ಕೂಡಲೂ ಆಗದೆ ಒರಗುತ್ತಿತ್ತಂತೆ.

ಅವ್ವ ಅದನ್ನು ತೊಡೆಯ ಮೇಲೆ ಹಾಕಿಕೊಂಡು, “ಕೂಸಿಗಿ ಇಲ್ಲೇ ಬಿಡ್ರಿ. ಮಳಿ ಆದ ಮ್ಯಾಲ ಕರ್ಕೊಂಡ್ ಹೋಗೀರಂತ,” ಅಂದಳು.

ಯಾರೂ ವಾದ ಮಾಡಲಿಲ್ಲ. ಕೂಸು ಚೇತರಿಸಿಕೊಂಡು ಗೋಡೆ ಹಿಡಿದು ಎದ್ದು ನಿಲ್ಲುವ ಹೊತ್ತಿಗೆ, ಭಾಲ್ಕಿ ಸ್ಟೇಷನ್ನಿನಿಂದ ಅಣ್ಣ ವೈನಿ ಇಬ್ಬರೇ ರೈಲು ಹತ್ತಿದರು. ಅವ್ವ ಕೂಸಿಗಾಗಿ ಹೊಲಕ್ಕೆ ಹೋಗುವುದನ್ನು ಬಿಟ್ಟಳು.

ನಾನು ಬೇಸಿಗೆ ರಜೆಗೆ ಬಂದಾಗ ಹುಡುಗಿ ಓಡಾಡುತ್ತಿದ್ದಳು. ನಾನು ಆಗಷ್ಟೇ ಪಾಠ ಕೇಳಿ ಬಂದವಳು, ಕೈ ಸುಮ್ಮನಿರಲಿಲ್ಲ. ಯಾವ ತಿಂಗಳಿಗೆ ಮಗು ಏನು ಮಾಡಬೇಕು ಎಂದು ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಅವಳ ಮೇಲೆ ಪರೀಕ್ಷಿಸಿದೆ. ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತದೆಯೇ? ಇಡಲಿಲ್ಲ, ಒಂದರ ಹಿಂದೆ ಒಂದು ಸಾಲಾಗಿ ಇಟ್ಟಳು. ಅವ್ವ ನೋಡಿ, “ಕೊಡ ಪಾಳಿಗಿ ಹಚ್ಯಾಳ ನೋಡು,” ಎಂದು ನಕ್ಕಳು. ಟ್ಯಾಂಕರ್ ಬರುವ ಮುನ್ನ ಹೆಂಗಸರು ರಸ್ತೆಯ ಬದಿಗೆ ಕೊಡಗಳನ್ನು ಹಾಗೆಯೇ ಸಾಲಾಗಿಡುತ್ತಿದ್ದರು. ಮೆಟ್ಟಿಲು ಹತ್ತುತ್ತದೆಯೇ ಎಂದು ನೋಡೋಣವೆಂದರೆ ನಮ್ಮ ಮನೆಗೆ ಮೆಟ್ಟಿಲೇ ಇಲ್ಲ. ಆದರೆ ಬತ್ತಿಹೋದ ಸಾರ್ವಜನಿಕ ನೀರಿನ ತೊಟ್ಟಿಯ ಕಟ್ಟೆಯನ್ನು ಅವಳು ಹೊಟ್ಟೆಯ ಮೇಲೆ ತೆವಳಿ ಹತ್ತಿ, ಬೆನ್ನು ತಿರುಗಿಸಿ ಇಳಿಯುತ್ತಿದ್ದಳು. ಅವಳ ಮೊದಲ ಮಾತುಗಳಲ್ಲಿ ಒಂದು ‘ನೀರ’. ಇನ್ನೊಂದು ‘ಚೆಲ್ಲಬ್ಯಾಡ’. ತಾನೇ ತಂಬಿಗೆ ಹಿಡಿದು, ತನಗೆ ತಾನೇ ‘ಚೆಲ್ಲಬ್ಯಾಡ’ ಎಂದು ಗದರಿಕೊಂಡು ಕುಡಿಯುತ್ತಿದ್ದಳು. ಅವಳ ಬೆಳವಣಿಗೆಯಲ್ಲಿ ಕೊರತೆ ಏನೂ ಇರಲಿಲ್ಲ. ಊರು ಏನು ಕೊಟ್ಟಿತ್ತೋ ಅದರಲ್ಲೇ ಬೆಳೆಯುತ್ತಿದ್ದಳು.

‘ವೈನಿ’ ಎಂಬ ಮಾತು ಹುಟ್ಟಿದ್ದು ಆ ರಜೆಯಲ್ಲೇ. ಭಾನುವಾರ ಅಣ್ಣನ ಫೋನು ಬರುತ್ತಿತ್ತು. ಅವ್ವ ಕೂಸಿನ ಕಿವಿಗೆ ಫೋನು ಹಿಡಿದು, “ನಿಮ್ಮವ್ವ ಮಾತಾಡ್ಲತ್ತಾಳ ನೋಡು,” ಅನ್ನುತ್ತಿದ್ದಳು. ಹುಡುಗಿ ಫೋನಿನ ಕಡೆ ನೋಡದೆ, ಅವ್ವನ ಬಾಯಿಗೆ ಬೆರಳಿಟ್ಟು ‘ಅವ್ವ’ ಅನ್ನುತ್ತಿದ್ದಳು. ಅವ್ವ ಎದುರಿಗೇ ಇರುವಾಗ ಅವ್ವ ಅದರೊಳಗೆ ಹೇಗೆ ಇದ್ದಾಳು? ಆಮೇಲೆ ನಾನು ಫೋನು ತಗೊಂಡು, “ವೈನಿ, ಅರಾಮ ಇದ್ದೀರಿ?” ಎಂದು ಕೇಳುತ್ತಿದ್ದೆ. ಎರಡು ಮೂರು ವಾರದಲ್ಲಿ ಲೆಕ್ಕ ಸರಿಹೋಯಿತು: ಎದುರಿಗೆ ಇರುವವಳು ಅವ್ವ, ಫೋನಿನಲ್ಲಿ ಇರುವವಳು ವೈನಿ.

ಮುಂದಿನ ಬಾರಿ ವೈನಿ ಎರಡು ದಿನಕ್ಕೆ ಬಂದಾಗ ಒಂದು ಕೆಂಪು ಫ್ರಾಕು ತಂದಿದ್ದಳು. ಹುಡುಗಿಯನ್ನು ಹತ್ತಿರ ಕರೆದು ಹಾಕಲು ನೋಡಿದರೆ ತೋಳು ಒಳಗೆ ಹೋಗಲಿಲ್ಲ. ವೈನಿ ಬಿಟ್ಟುಹೋದ ದಿನದ ಕೂಸಿನ ಅಳತೆಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಿದ್ದಳು. ಹುಡುಗಿ ಅರ್ಧ ಸಿಕ್ಕಿಕೊಂಡ ಫ್ರಾಕಿನಲ್ಲೇ ಓಡಿ ಅವ್ವನ ಸೆರಗಿನ ಹಿಂದೆ ಅವಿತುಕೊಂಡಳು. “ಪಕ್ಕದ ಮನಿ ಕೂಸಿಗಿ ಆಗ್ತದ ಬಿಡ್ರಿ, ಅತ್ತಿ,” ಅಂದಳು ವೈನಿ. ಅವ್ವ ಆ ಫ್ರಾಕನ್ನು ಯಾರಿಗೂ ಕೊಡಲಿಲ್ಲ, ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ನನಗೂ ವೈನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ನಮ್ಮ ಪುಸ್ತಕದಲ್ಲಿ ಆ ವಯಸ್ಸಿಗೆ ಒಂದು ಅಧ್ಯಾಯವಿತ್ತು. ಸಂಗಾತಿಯನ್ನು ಹುಡುಕುವುದು, ಕೆಲಸಕ್ಕೆ ಸೇರುವುದು, ಸ್ವಂತ ಬದುಕು ಕಟ್ಟಿಕೊಳ್ಳುವುದು ಅದರಲ್ಲಿತ್ತು. ನಾನು ಅದನ್ನು ಪರೀಕ್ಷೆಗೆ ಓದುತ್ತಿದ್ದೆ. ಅವಳು ಆಗಲೇ ಮದುವೆಯಾಗಿ, ಹೆತ್ತು, ಹೆತ್ತದ್ದನ್ನು ಬಿಟ್ಟು, ಗೊತ್ತಿಲ್ಲದ ಭಾಷೆಯ ಊರಲ್ಲಿ ಗೋಡೆಗೆ ಗಿಲಾವ್ ಹಚ್ಚುವುದನ್ನೂ ಕಲಿತಿದ್ದಳು. ಅಣ್ಣನ ಪಕ್ಕದಲ್ಲಿ ನಿಂತು, ಥಾಪಿ ಹಿಡಿದು ಗಾರೆಯನ್ನು ಗೋಡೆಗೆ ಎಸೆದು ಸವರುವುದು ಅವಳಿಗೆ ಬರುತ್ತಿತ್ತು. ಅಣ್ಣನಿಗಿಂತ ನೀಟಾಗಿ ಬರುತ್ತದೆ ಎಂದು ಅವನೇ ಹೇಳುತ್ತಿದ್ದ. ಒಂದೇ ಅಧ್ಯಾಯದಲ್ಲಿ ನಾವಿಬ್ಬರೂ ಇದ್ದೆವು ಅಂದರೆ ನನಗೆ ಈಗಲೂ ನಂಬಿಕೆ ಬರುವುದಿಲ್ಲ.

ಮೂರನೆಯ ವರ್ಷ ರೋಹಿಣಿಗೇ ಮಳೆ ಬಂತು. ಮೃಗಶಿರದಲ್ಲಿ ಎಡೆಬಿಡದೆ ಹೊಡೆಯಿತು. ಕೆಂಪು ನೆಲದ ಮೇಲೆ ಹೆಸರು, ಉದ್ದು, ತೊಗರಿ ಎದ್ದವು. ಬೀದರಿನಲ್ಲಿ ನಿಂತುಹೋಗಿದ್ದ ಕಟ್ಟಡಗಳ ಕೆಲಸ ಮತ್ತೆ ಶುರುವಾಗಿ ಅಣ್ಣನಿಗೆ ಕರೆ ಬಂತು. ಬೀದರಿನ ಹೊರವಲಯದಲ್ಲಿ ಅವನು ಬಾಡಿಗೆಗೆ ಒಂದು ಖೋಲಿ ಹಿಡಿದ. ಹತ್ತಿರದಲ್ಲೇ ಅಂಗನವಾಡಿ ಇತ್ತು. ಇನ್ನೇನು, ಮಗಳನ್ನು ಕರೆದುಕೊಂಡು ಹೋಗುವುದು ಎಂದು ಎಲ್ಲರೂ ಅಂದುಕೊಂಡೆವು. ಅವ್ವ ತಾನೇ ಅವಳ ಬಟ್ಟೆ ಕಟ್ಟಿಕೊಟ್ಟಳು.

ಅಣ್ಣ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಭಾಲ್ಕಿಯಲ್ಲಿ ಬಸ್ಸು ಹತ್ತಿದ. ಬಸ್ಸು ಹೊರಡುವವರೆಗೂ ಅವಳು ಖುಷಿಯಾಗಿಯೇ ಇದ್ದಳಂತೆ. ಕೆಳಗೆ ನಿಂತ ಅವ್ವ ಹತ್ತುವುದಿಲ್ಲ ಎಂದು ಗೊತ್ತಾದದ್ದೇ ತಡ, ಬೀದರ್ ಮುಟ್ಟುವವರೆಗೆ ಅತ್ತಳು. ಖೋಲಿಯಲ್ಲಿ ಅಳು ನಿಂತಿತು, ಆದರೆ ಬಾಯಿಗೆ ಏನೂ ಹಾಕಲಿಲ್ಲ. ಬಾಗಿಲ ಬಳಿ ಕೂತು ರಸ್ತೆ ನೋಡುವುದು, ವೈನಿ ಹತ್ತಿರ ಬಂದರೆ ಗೋಡೆಗೆ ಮುಖ ತಿರುಗಿಸುವುದು, ಇಷ್ಟೇ. ತೊದಲುತ್ತಿದ್ದ ಮಾತೂ ನಿಂತುಹೋಯಿತು. ಮೈ ಬಿಸಿಯಾದ ಮೇಲೆ ಅಣ್ಣನಿಗೆ ಹೆದರಿಕೆಯಾಗಿ, ಅವಳನ್ನು ಎತ್ತಿಕೊಂಡು ಊರಿಗೆ ವಾಪಸು ಬಂದ. ನಾನು ಆಗ ರಜೆಗೆ ಮನೆಯಲ್ಲೇ ಇದ್ದೆ. ಅಂಗಳದಲ್ಲಿ ಅವ್ವನನ್ನು ಕಂಡ ಹುಡುಗಿ ಓಡಲಿಲ್ಲ. ನಡೆದುಕೊಂಡು ಹೋಗಿ ಅವಳ ತೊಡೆಯ ಮೇಲೆ ಕೂತು, ರೊಟ್ಟಿ ಬೇಡಿದಳು.

ಅಣ್ಣ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚುವುದನ್ನೂ ಮರೆತ. “ಅಕಿ ಅಲ್ಲೇ ಕುಂತಾಳ. ಬಾ ಅಂದ್ರ ಬರವಲ್ಲಳು,” ಅಂದ.

ನಾನು ಬೀದರಿಗೆ ಹೋದೆ. ವೈನಿ ಖೋಲಿಯ ನೆಲದ ಮೇಲೆ, ಮಗಳಿಗೆಂದು ತಂದಿದ್ದ ಹೊಸ ತಟ್ಟೆಯನ್ನು ಎದುರಿಗೆ ಇಟ್ಟುಕೊಂಡು ಕೂತಿದ್ದಳು.

“ನಾ ಹಡದೀನಿ ಅಷ್ಟೇ, ತಂಗಿ. ಕೂಸು ನಂದಲ್ಲ,” ಅಂದಳು. “ಅತ್ತಿಯವ್ರ ಮ್ಯಾಲ ನನಗ ಸಿಟ್ಟಿಲ್ಲ. ಸಿಟ್ಟ್ ಯಾರ ಮ್ಯಾಲ ಮಾಡ್ಲಿ ಅದೂ ತಿಳಿವಲ್ದು.”

ಊರಿಗೆ ಬಂದರೆ ಅವ್ವನದು ಬೇರೆ ನೋವು. “ನಾ ಏನ್ ಕಸ್ಕೊಂಡೀನೇನ? ಜ್ವಾಪಾನ ಮಾಡಂದ್ರು, ಮಾಡೀನಿ. ಈಗ ಎಲ್ಲಾರೂ ನನ್ನ ಮಾರಿ ನೋಡ್ಲತ್ತಾರ. ನೀ ಇದೇ ಓದ್ಲತ್ತೀಯಲ್ಲ, ಹೇಳು. ನಾ ಏನ್ ಮಾಡಬೇಕು?”

ಮಗು ಯಾರ ಕೈಯಲ್ಲಿ ಬೆಳೆಯುತ್ತದೋ ಅವರಿಗೆ ಅಂಟಿಕೊಳ್ಳುತ್ತದೆ, ಆ ಅಂಟನ್ನು ಒಮ್ಮೆಲೇ ಕಿತ್ತರೆ ಏನಾಗುತ್ತದೆ ಎಂಬುದನ್ನೆಲ್ಲ ಓದಿದ್ದೆ. ಮುಂದೇನು ಮಾಡಬೇಕು ಎಂಬುದು ಬೇರೆ ವಿಷಯ. ನಮ್ಮ ಕಾಲೇಜಿನ ಮೇಡಂಗೆ ಫೋನು ಮಾಡಿದೆ. ಮಕ್ಕಳ ವಿಭಾಗದಲ್ಲಿ ಕೂದಲು ಬೆಳ್ಳಗಾದವರು. ಎಲ್ಲವನ್ನೂ ಕೇಳಿ, ಅಜ್ಜಿಯನ್ನು ಕಳೆಯುವುದಕ್ಕೆ ಹೋಗಬೇಡ, ತಾಯಿಯನ್ನು ಕೂಡಿಸುವುದಕ್ಕೆ ನೋಡು ಅಂದರು. “ತಾಯಿ ಅಲ್ಲಿಗೇ ಬಂದು ಇರಲಿ. ಅಜ್ಜಿ ಮಾಡುವ ಕೆಲಸವನ್ನೇ ಕಸಿದುಕೊಂಡು ಮಾಡುವುದು ಬೇಡ. ಆ ಮಗುವಿಗೆ ಇನ್ನೂ ಯಾರೂ ಮಾಡಿಸದ ಒಂದು ಕೆಲಸ ಇರುತ್ತದೆ. ಅದನ್ನು ಇಬ್ಬರೂ ಸೇರಿ ಮಾಡಲಿ. ಮುದ್ದು ಆಮೇಲೆ ಬರುತ್ತದೆ, ಅವಸರ ಮಾಡಬೇಡಿ.”

ವೈನಿ ಊರಿಗೆ ಬಂದಳು. ಅಣ್ಣ ಬೀದರಿನಲ್ಲಿ ಒಬ್ಬನೇ ಉಳಿದ. ಮೊದಲ ಕೆಲವು ದಿನ ನಮ್ಮ ಮನೆ ವಿಚಿತ್ರವಾಗಿತ್ತು. ಅವ್ವ ಹುಡುಗಿಗೆ ಎರೆಯುವಾಗ ವೈನಿ ದೂರದಲ್ಲಿ ಟವೆಲು ಹಿಡಿದು ನಿಂತಿರುತ್ತಿದ್ದಳು. ಅವ್ವ ಉಣಿಸುವಾಗ ತಟ್ಟೆ ತಂದಿಟ್ಟು ಹಿಂದೆ ಸರಿಯುತ್ತಿದ್ದಳು. ಮುಟ್ಟಬೇಡ ಎಂದು ನಾನು ಹೇಳಿರಲಿಲ್ಲ, ಅವಳಿಗೇ ಧೈರ್ಯವಿರಲಿಲ್ಲ. ಹುಡುಗಿ ಮಾತ್ರ ಅವಳನ್ನು ಕಂಡರೆ ಜಾಗ ಬಿಟ್ಟು ಬೇರೆ ಕಡೆ ಹೋಗಿ ಕೂಡುತ್ತಿದ್ದಳು.

ಒಂದು ದಿನ ರಾತ್ರಿಯೆಲ್ಲ ಮಳೆ ಸುರಿದು ಬೆಳಿಗ್ಗೆ ಹೊಳವಾಗಿತ್ತು. ಹಿತ್ತಲಿನ ಒಲೆ ನೆನೆದು ಬಿದ್ದಿತ್ತು. ವೈನಿ ಅದನ್ನು ಕಟ್ಟಲು ಕೂತಳು. ಕೆಂಪು ಮಣ್ಣಿಗೆ ಹೊಟ್ಟು ಬೆರೆಸಿ, ನೀರು ಹಾಕಿ ತುಳಿದು, ಹೈದರಾಬಾದಿನಿಂದ ತಂದಿದ್ದ ತನ್ನ ಥಾಪಿಯಿಂದ ಸವರತೊಡಗಿದಳು. ಥಾಪಿ ಮಣ್ಣಿನ ಮೇಲೆ ಸರಿಯುವಾಗ ಒಂದು ಸದ್ದು ಬರುತ್ತದೆ. ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ವೈನಿ ತಿರುಗಿ ನೋಡಲಿಲ್ಲ. ಒಂದು ಮುಷ್ಟಿ ಮಣ್ಣು ತೆಗೆದು ಪಕ್ಕಕ್ಕೆ ಇಟ್ಟಳು, ಅಷ್ಟೇ. ಬಹಳ ಹೊತ್ತಿನ ಮೇಲೆ ಹುಡುಗಿ ಬಂದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು.

ಮಣ್ಣು ಗಟ್ಟಿಯಾಗಿತ್ತು. ವೈನಿ ತಂಬಿಗೆಯನ್ನು ಅವಳ ಕಡೆ ಸರಿಸಿ, “ನೀರ್ ಹಾಕು,” ಅಂದಳು.

ಹುಡುಗಿ ತಂಬಿಗೆ ನೋಡಿದಳು. ಆಮೇಲೆ ಅಜ್ಜಿ ಎಲ್ಲಿದ್ದಾಳೆ ಎಂದು ನೋಡಿದಳು. ಅವ್ವ ಮತ್ತು ನಾನು ಬಾಗಿಲ ಒಳಗೇ ಕೂತು ಹೆಸರುಬೇಳೆ ಆರಿಸುತ್ತಿದ್ದೆವು. “ಚೆಲ್ಲಬ್ಯಾಡ,” ಅಂದಳು ಹುಡುಗಿ.

“ಚೆಲ್ಲು. ಈಗ ಭಾಳ್ ನೀರ್ ಅದ. ಮಣ್ಣಿಗಿ ನೀರಡಿಕಿ ಆಗ್ಯದ, ಕುಡಸು.”

ಅವಳು ಒಂದು ಹನಿ ಹಾಕಿದಳು. ಯಾರೂ ಗದರಲಿಲ್ಲ. ಇನ್ನೊಂದಿಷ್ಟು ಹಾಕಿದಳು. ಆಮೇಲೆ ತಂಬಿಗೆಯನ್ನೇ ಬೋರಲು ಹಾಕಿ, ಮಣ್ಣಿನಿಂದ ಕೆಂಪು ನೀರು ಹರಿದು ತನ್ನ ಪಾದ ಮುಟ್ಟಿದಾಗ ಕೇಕೆ ಹಾಕಿ ನಕ್ಕಳು. ಹುಟ್ಟಿದಾಗಿನಿಂದ ಆ ಹುಡುಗಿ ನೀರು ಚೆಲ್ಲಿರಲಿಲ್ಲ. ಎರಡು ವರ್ಷದ ಮಕ್ಕಳು ಎಲ್ಲ ಕಡೆ ಮಾಡುವ ಆ ಒಂದು ಕೆಲಸಕ್ಕೆ ಅವಳ ಬಾಲ್ಯದಲ್ಲಿ ಜಾಗವೇ ಇರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಅವ್ವ ಮೊರ ಕೆಳಗಿಟ್ಟು ನೋಡುತ್ತಿದ್ದಳು.

ಅಂದಿನಿಂದ ದಿನಾ ಹಿತ್ತಲಿನಲ್ಲಿ ಗೋಡೆ ಕೆಲಸ. ಒಲೆಯಾಯಿತು, ಕೋಳಿ ಗೂಡಿಗೆ ಒಂದು ಗೋಡೆಯಾಯಿತು, ಆಮೇಲೆ ಯಾತಕ್ಕೂ ಬೇಡದ ಮೊಳಕಾಲೆತ್ತರದ ಒಂದು ಗೋಡೆಯನ್ನು ಇಬ್ಬರೂ ಸೇರಿ ಕಟ್ಟಿದರು. ಹುಡುಗಿ ಅದಕ್ಕೆ ಬೆಳಿಗ್ಗೆ ಸಂಜೆ ನೀರು ಕುಡಿಸುತ್ತಿದ್ದಳು. ಮೈಯೆಲ್ಲ ಮಣ್ಣಾದ ಮೇಲೆ, ಹತ್ತಿರ ಇದ್ದವಳೇ ಎರೆಯಬೇಕಲ್ಲ, ವೈನಿ ಎರೆದಳು. ಎರೆದವಳೇ ತಲೆ ಬಾಚಿದಳು. ಒಂದು ಮಧ್ಯಾಹ್ನ ಹುಡುಗಿ ಬಾಚಿಸಿಕೊಳ್ಳುತ್ತಾ ಅವಳ ಮೊಳಕಾಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ವೈನಿ ಆ ಕಾಲನ್ನು ಅಲ್ಲಾಡಿಸದೆ ಕೂತೇ ಇದ್ದಳು. ನಾನು ನೀರು ಬೇಕಾ ಎಂದು ಕೇಳಿದರೆ ಕಣ್ಣಲ್ಲೇ ಬೇಡ ಅಂದಳು.

ಆ ಹೊತ್ತಿನಲ್ಲೇ ಅವ್ವ ಬಂದು ಅವಳ ಪಕ್ಕ ಕೂತದ್ದು. ಅತ್ತೆ ಸೊಸೆ ಹಾಗೆ ಬಿಡುವಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. ವೈನಿ ತಗ್ಗಿದ ದನಿಯಲ್ಲಿ ಮಾತಾಡಿದಳು. ಕೂಸನ್ನು ಬಿಟ್ಟು ಹೈದರಾಬಾದಿಗೆ ಹೋದ ಮೊದಲ ವಾರ ಎದೆಹಾಲು ಕಟ್ಟಿ ಕಲ್ಲಾಗಿತ್ತಂತೆ. ನಾಲ್ಕನೆಯ ಅಂತಸ್ತಿನಲ್ಲಿ ಗೋಡೆಗೆ ನೀರು ಬಿಡುವಾಗ ಕೆಳಗೆಲ್ಲೋ ಬೇರೆಯವರ ಕೂಸು ಅತ್ತರೆ ಕುಪ್ಪಸ ತೊಯ್ದುಹೋಗುತ್ತಿತ್ತಂತೆ. ಪೈಪಿನ ನೀರು ಸಿಡಿಯಿತು ಎಂದು ಎಲ್ಲರಿಗೂ ಹೇಳುತ್ತಿದ್ದಳಂತೆ.

“ಯಾರ್ ಮುಂದೂ ಹೇಳಿಲ್ರಿ, ಅತ್ತಿ. ಅವ್ರ ಮುಂದೂ ಹೇಳಿಲ್ಲ.”

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅವಳು ಗಟ್ಟಿಯಾಗಿ ಅತ್ತದ್ದನ್ನು ನಾನು ಕಂಡವಳಲ್ಲ. “ನನಗ ಗೊತ್ತಾಗಬೇಕಿತ್ತು, ಮಗಳ. ನಾನೂ ಎರಡು ಹಡದೀನಿ, ಗೊತ್ತಾಗಬೇಕಿತ್ತು,” ಅಂದಳು.

ಇದಾದ ಮಾರನೆಯ ದಿನವೋ ಅದರ ಮರುದಿನವೋ, ಅವ್ವ ಚೀಲದಲ್ಲಿ ಎರಡು ಸೀರೆ ಹಾಕಿಕೊಂಡು, ಔರಾದ್ ಕಡೆ ಇರುವ ತನ್ನ ಅಕ್ಕನ ಮನೆಗೆ ಹೋಗಿ ಬರುತ್ತೇನೆ ಅಂದಳು. ಹೇಳದೆ ಹೋಗಲಿಲ್ಲ. ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು, “ನಾ ಊರಿಗಿ ಹೋಗ್ತೇನಿ, ತಿರುಗಿ ಬರ್ತೇನಿ. ನೀ ಇವ್ರ ಕೂಡ ಇರು, ಗ್ವಾಡಿಗಿ ನೀರ್ ಹಾಕು,” ಎಂದು ತಿಳಿಸಿ ಹೋದಳು. ಹುಡುಗಿ ಅತ್ತಳು. ಆದರೆ ಈ ಸಲ ಅಳಲು ಅವಳಿಗೆ ಒಂದು ಹೆಗಲು ಇತ್ತು. ವೈನಿಯ ಹೆಗಲ ಮೇಲೆ ಅತ್ತು, ಅಲ್ಲೇ ನಿದ್ದೆ ಹೋದಳು. ವಾರ ಕಳೆದ ಮೇಲೆ ಅಣ್ಣ ಬಂದು ತಾಯಿ ಮಗಳನ್ನು ಬೀದರಿಗೆ ಕರೆದುಕೊಂಡು ಹೋದ. ಅಂಗನವಾಡಿಗೂ ಹಾಕಿದರು. ಅಲ್ಲಿನ ಮಕ್ಕಳೆಲ್ಲ ಸಂಜೆ ಬಾಗಿಲಿಗೆ ಬಂದ ತಾಯಂದಿರನ್ನು ‘ಮಮ್ಮಿ’ ಎಂದು ಕೂಗುವುದನ್ನು ಕೇಳಿ, ನಮ್ಮ ಹುಡುಗಿಯೂ ಒಂದು ದಿನ ವೈನಿಯನ್ನು ‘ಮಮ್ಮಿ’ ಅಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ‘ಅವ್ವ’ ಅನ್ನುವುದು ಅಜ್ಜಿಗೇ ಉಳಿಯಿತು. ವೈನಿಗೆ ಅದರಿಂದ ಬೇಸರವಾಯಿತೇ ಎಂದು ನಾನು ಕೇಳಿದ್ದೆ. “ಎರಡೂ ಹೆಸರ್ ಬ್ಯಾರೆ ಬ್ಯಾರೆ ಇರ್ಲಿ, ಚಲೋ ಆಯ್ತು,” ಅಂದಳು.

ಅವ್ವ ಮಾತ್ರ ಔರಾದಿನಿಂದ ಬರಲೇ ಇಲ್ಲ. ಫೋನು ಮಾಡಿದರೆ, “ಬರ್ತೇನಿ, ಜರಾ ತಡಿ,” ಅನ್ನುತ್ತಿದ್ದಳು. ನನಗೆ ಫಿಕರ್ ಹತ್ತಿತು. ಕೈಯಲ್ಲಿದ್ದ ಜವಾಬ್ದಾರಿ ಒಮ್ಮೆಲೇ ಇಳಿದ ಮೇಲೆ ಆ ವಯಸ್ಸಿನವರು ಕುಗ್ಗಿಹೋಗುತ್ತಾರೆ ಎಂದು ಓದಿದ್ದೆ. ಅವಳು ಯಾವುದೋ ಮೂಲೆಯಲ್ಲಿ ಗೋಡೆ ನೋಡುತ್ತಾ ಕೂತಿರಬೇಕು, ಊಟ ಬಿಟ್ಟಿರಬೇಕು ಎಂದೆಲ್ಲ ಅಂದುಕೊಂಡೆ. ಕಾಲೇಜಿಗೆ ವಾಪಸಾಗುವ ಮುನ್ನ ಅವಳನ್ನು ಕರೆದುಕೊಂಡು ಬಂದು, ಬೀದರಿನಲ್ಲಿ ಅಣ್ಣನ ಮನೆಯಲ್ಲಿ ಬಿಡೋಣ ಎಂದು ಬೀದರಿನಿಂದ ಔರಾದಿನ ಬಸ್ಸು ಹತ್ತಿದೆ.

ದೊಡ್ಡವ್ವನ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಮುದುಕ ಹೊಲದ ಕಡೆ ಕೈ ತೋರಿಸಿದ. ತೊಗರಿಯ ಹೊಲ. ಹದಿನೈದಿಪ್ಪತ್ತು ಹೆಂಗಸರು ಸಾಲು ಹಿಡಿದು, ಕುರ್ಪಿಯಿಂದ ಕಸ ತೆಗೆಯುತ್ತಾ ಮುಂದೆ ಸರಿಯುತ್ತಿದ್ದರು. ಸಾಲಿನ ನಡುವೆ ಅವ್ವ ಇದ್ದಳು. ಪಕ್ಕದವಳು ಏನೋ ಅಂದಳು. ಅವ್ವ ಕುರ್ಪಿ ನೆಲಕ್ಕೆ ಚುಚ್ಚಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಲ್ಲಿಸಲಾಗದೆ ಬದುವಿನ ಮೇಲೆ ಕೂತೇಬಿಟ್ಟಳು. ನಾನು ಹತ್ತಿರ ಹೋಗುವವರೆಗೂ ನಗುತ್ತಲೇ ಇದ್ದಳು. ನನ್ನನ್ನು ನೋಡಿ, “ಯಾಕ ಬಂದಿ? ಎಲ್ಲಾರೂ ಅರಾಮ ಅದಾರಲ್ಲ?” ಅಂದಳು.

“ನೀನೇ ಬರವಲ್ಲಿ ಅಂತ ಬಂದೀನಿ.”

ಹೆಂಗಸರು ನನ್ನನ್ನು ಸುತ್ತುವರಿದು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಅವ್ವ ಎಲ್ಲರಿಗಿಂತ ಹೆಚ್ಚು ಮಾತಾಡಿದಳು. ಯಾರ ಸೊಸೆ ಏನಂದಳು, ಯಾರ ಗಂಡ ಟ್ರ್ಯಾಕ್ಟರ್ ಹೇಗೆ ಕೆಸರಿಗೆ ಇಳಿಸಿದ, ಎಲ್ಲವೂ ಅವಳಿಗೆ ಆಗಲೇ ಗೊತ್ತಿತ್ತು. ಅವಳು ಹೀಗೆ ಮಾತಾಡುತ್ತಿದ್ದಳು ಎಂಬುದನ್ನೇ ನಾನು ಮರೆತಿದ್ದೆ.

ಮರುದಿನ ಸಂತಪುರ, ಜನವಾಡ ದಾಟಿ ಬೀದರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಬಳಿ ಕೂತು ಅವಳೇ ಹೇಳಿದಳು. “ಎರಡು ವರ್ಷ ಕೂಸಿನ ಕೂಡ ಕೂಸಿನ ಮಾತ ಆಡಿ ಆಡಿ, ದೊಡ್ಡೋರ್ ಕೂಡ ಹ್ಯಾಂಗ ಮಾತಾಡ್ಬೇಕು ಅದೇ ಮರ್ತಿದ್ದೆ ನೋಡು. ಇಲ್ಲಿ ಹೆಣ್ಮಕ್ಕಳ ಕೂಡ ನಕ್ಕು ನಕ್ಕು ಜೀವ ಹಗುರ ಆಗ್ಯದ.”

“ಹಂಗಾದ್ರ ಕೂಸಿನ ನೆನಪ ಆಗಂಗಿಲ್ಲ?”

“ಮಲಗಿದಾಗ ಈ ಕೈ ಭಾರ ಹುಡುಕ್ತದ,” ಎಂದು ಎಡದೋಳನ್ನು ಮುಟ್ಟಿಕೊಂಡಳು. “ಹುಡುಕ್ಲಿ. ಹಡದಾಕಿ ಕೈ ಎಷ್ಟ್ ಹುಡುಕಿರಬೇಕು.”

ಊರಲ್ಲಿ ಹೊಲಕ್ಕೆ ಹೋಗುವ ಹೆಂಗಸರು ತಮ್ಮ ಮಕ್ಕಳನ್ನು ನೋಡಿಕೊಳ್ಳಲು ನಿನ್ನನ್ನು ಕೇಳಬೇಕೆಂದಿದ್ದಾರೆ, ಮನಸ್ಸಿಗೂ ಒಳ್ಳೆಯದು, ಒಪ್ಪಿಕೋ ಎಂದು ನಾನು ಹೇಳಿದೆ. ಹೇಗಾದರೂ ಅವಳ ಮಡಿಲು ತುಂಬಿಸಬೇಕು ಎಂದು ನನಗಿತ್ತು.

“ಬ್ಯಾಡ ನನ್ನವ್ವ,” ಅಂದಳು ಅವ್ವ. “ನಿಮಗಿಬ್ಬರಿಗಿ ಬೆಳಸೀನಿ, ಅಕಿಗೂ ಬೆಳಸೀನಿ. ಸಾಕು. ಇನ್ನ ನಾ ಕಸ ತಗಿಯಾಕ ಹೋಗ್ತೇನಿ. ಅಲ್ಲಿ ನನಗ ಯಾರೂ ಅವ್ವ ಅನ್ನಂಗಿಲ್ಲ, ಅತ್ತಿ ಅನ್ನಂಗಿಲ್ಲ. ಹೆಸರ್ ಹಿಡ್ದು ಕರೀತಾರ.”

ಅವಳ ಹೆಸರನ್ನು ಆ ಹೊಲದಲ್ಲಿ ನಾನೂ ಕೇಳಿದ್ದೆ. ಮನೆಯಲ್ಲಿ ಅಪ್ಪ ಹೋದ ಮೇಲೆ ಆ ಹೆಸರು ಹಿಡಿದು ಕರೆಯುವವರು ಉಳಿದಿರಲಿಲ್ಲ. ಬೆಳವಣಿಗೆ ಅಂದರೆ ಕೂಸು ನಡೆಯುವುದು, ಮಾತು ಕಲಿಯುವುದು ಎಂದು ಮೊದಲ ತರಗತಿಯಲ್ಲಿ ಕೂತ ಹುಡುಗರು ಈಗಲೂ ಅಂದುಕೊಳ್ಳುತ್ತಾರೆ. ಐವತ್ತು ದಾಟಿದ ಹೆಂಗಸೊಬ್ಬಳು ತನಗೆ ಏನು ಬೇಡ ಎಂದು ಹೇಳಲು ಕಲಿಯುವುದೂ ಅದರಲ್ಲೇ ಬರುತ್ತದೆ ಎಂದು ನಾನು ಅವರಿಗೆ ಹೇಳುತ್ತೇನೆ. ಕೆಲವರು ಬರೆದುಕೊಳ್ಳುತ್ತಾರೆ, ಕೆಲವರು ಗಡಿಯಾರ ನೋಡುತ್ತಾರೆ.

ಖೋಲಿ ಮುಟ್ಟಿದಾಗ ಸಂಜೆಯಾಗಿತ್ತು. ಹುಡುಗಿ ಹೊರಗಿನ ಮರಳಿನ ಗುಡ್ಡೆಯಲ್ಲಿ ಓಣಿಯ ಇನ್ನೆರಡು ಮಕ್ಕಳ ಜೊತೆ ಗುಂಡಿ ತೋಡುತ್ತಿದ್ದಳು. ಬಸ್ಸಿನಿಂದಲೇ ಅವ್ವ ಸೆರಗು ಸರಿಮಾಡಿಕೊಳ್ಳುತ್ತಾ ಬಂದಿದ್ದಳು, ಮೊಮ್ಮಗಳು ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಎಂದು ಕೈಚೀಲವನ್ನು ನನಗೆ ಕೊಟ್ಟು ಎರಡೂ ಕೈ ಖಾಲಿ ಮಾಡಿಕೊಂಡಿದ್ದಳು. ಹುಡುಗಿ ತಲೆಯೆತ್ತಿ ನೋಡಿದಳು. ಮುಖ ಅರಳಿತು. “ಅವ್ವ ಬಂದಾಳ,” ಎಂದು ಪಕ್ಕದ ಮಕ್ಕಳಿಗೆ ಹೇಳಿ, ಮತ್ತೆ ಗುಂಡಿ ತೋಡತೊಡಗಿದಳು.

ಅವ್ವನ ಕೈಗಳು ಒಂದು ಕ್ಷಣ ಹಾಗೇ ನಿಂತವು. ನನಗೆ ಅವಳಿಗೆ ಏನಾದರೂ ಹೇಳಬೇಕು ಅನ್ನಿಸಿತು. ಮನಸ್ಸಿಗೆ ಧೈರ್ಯವಿರುವ ಮಗುವೇ ಹೀಗೆ ಆಟ ಮುಂದುವರಿಸುವುದು, ನೀನು ಎಲ್ಲೂ ಹೋಗುವುದಿಲ್ಲ ಎಂಬ ಭರವಸೆ ಅವಳಿಗಿದೆ ಎಂದು. ಅಷ್ಟರಲ್ಲಿ ವೈನಿ ಒಳಗಿನಿಂದ ಬಂದು, ಅವ್ವನ ಕಾಲು ಮುಟ್ಟಿ, “ಒಳಗ ಬರ್ರಿ, ಅತ್ತಿ. ಯಾವಾಗಿಂದ ಹಾದಿ ನೋಡ್ಲತ್ತೀನಿ,” ಅಂದಳು. ಸೊಸೆಯ ಮನೆಗೆ ಅವ್ವ ಅತಿಥಿಯಾಗಿ ಬಂದದ್ದು ಅದೇ ಮೊದಲು. ಅವಳು ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಒಲೆಯ ಹತ್ತಿರ ಹೋಗಲು ಏಳಲಿಲ್ಲ.

“ಛಾ ಮಾಡು, ಮಗಳ. ಸಕ್ರಿ ಜರಾ ಜಾಸ್ತಿ ಹಾಕು,” ಅಂದಳು.

ಹೊರಗೆ ಮಕ್ಕಳು ಗುಂಡಿಗೆ ನೀರು ಬೇಕೆಂದು ಕೂಗುತ್ತಿದ್ದರು. ನಾಲ್ಕು ದಿನ ಇದ್ದು ಅವ್ವ ಊರಿಗೆ ಹೊರಟುಹೋದಳು. ತೊಗರಿಯಲ್ಲಿ ಎರಡನೆಯ ಸಲ ಕಸ ತೆಗೆಯುವುದು ಶುರುವಾಗಿತ್ತು, ಊರಿನ ಗುಂಪಿನವರು ಫೋನು ಮಾಡಿ ಕರೆದಿದ್ದರು.